ಹಿಂದಿನ ಕೆಲಸ ಯಾಕ ಬಿಟ್ರಿ?

ತ್ರಿವೇಣಿ ರಾಯದುರ್ಗದಲ್ಲಿ ಬಸ್ಸಿಳಿದಾಗ ಹತ್ತೂವರೆ. ಐದು ಗಂಟೆಗೇ ರತ್ನಗಿರಿ ಬಿಟ್ಟು, ಮಡಕಶಿರಾ, ಪಾವಗಡ, ಕಲ್ಯಾಣದುರ್ಗ ಎಂದು ಬಸ್ಸು ಬದಲಿಸುತ್ತ ಬಂದಿದ್ದಳು. ದಾರಿಯುದ್ದಕ್ಕೂ ಅಣ್ಣ ಹನುಮಂತರಾಯ ಫೋನಿನಲ್ಲಿ ಪಾಠ ಒಪ್ಪಿಸಿಕೊಳ್ಳುತ್ತಿದ್ದ. ಅವನು ಕುರಿ ಮೇಯಿಸಿಕೊಂಡೇ ಇಂಟರ್‌ವ್ಯೂ ವಿಡಿಯೋಗಳನ್ನೆಲ್ಲ ನೋಡಿ ಮುಗಿಸಿದ್ದ.

"ಹಳೇ ಕೆಲ್ಸ ಯಾಕೆ ಬಿಟ್ಟೆ ಅಂದ್ರೆ?"

"ಇನ್ನೂ ಹೆಚ್ಚು ಕಲೀಬೇಕು ಅಂತ."

"ಹಾಂ, ಅಷ್ಟೇ. ಬೇರೆ ಏನೂ ಬಾಯಿ ಬಿಡ್ಬೇಡ."

ಬೇರೆ ಏನಿದೆ ಎಂಬುದು ಅವನಿಗೂ ಗೊತ್ತಿರಲಿಲ್ಲ. ಹಿಂದೂಪುರದ ಖಾಸಗಿ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಸಹಾಯಕ ವಾರ್ಡನ್ ಆಗಿದ್ದವಳು ಒಂದು ದಿನ ಪೆಟ್ಟಿಗೆ ಸಮೇತ ಮನೆಗೆ ಬಂದಿದ್ದಳು. ಊಟ ಒಗ್ಗಲಿಲ್ಲ ಎಂದಿದ್ದಳು. ಮನೆಯಲ್ಲಿ ಯಾರೂ ಕೆದಕಲಿಲ್ಲ.

ವಾರ್ಡನ್ ಕೆಲಸಕ್ಕೆ ಇಂಟರ್‌ವ್ಯೂ ಕರೆದಿದ್ದ ಶಾಲೆ ಊರಾಚೆ, ಗುಡ್ಡದ ಬುಡದಲ್ಲಿತ್ತು. ಹಿಂದೆಯೇ ಹೆಣ್ಣುಮಕ್ಕಳ ಹಾಸ್ಟೆಲು. ವರಾಂಡದ ಬೆಂಚಿನ ಮೇಲೆ ಕೂತಿದ್ದಾಗ ಅವಳಿಗಿಂತ ಮುಂಚೆ ಒಳಗೆ ಹೋಗಿದ್ದ ಹೆಂಗಸು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಹೊರಬಂದಳು.

"ಅದೇನು ಇಂಟರ್‌ವ್ಯೂನೋ, ಪೊಲೀಸ್ ಸ್ಟೇಷನ್ನೋ. ಒಂದೇ ಮಾತನ್ನ ಮೂರು ಸಲ ತಿರುವಿ ತಿರುವಿ ಕೇಳ್ತಾರ," ಎಂದು ಗೊಣಗಿ ನಡೆದುಬಿಟ್ಟಳು.

ಆಯಾ ಉಜ್ಜಿನಮ್ಮ ಚಹಾ ತಂದುಕೊಟ್ಟಳು. ಅರವತ್ತು ದಾಟಿದ ಮುದುಕಿ. ಲೋಟ ಕೊಡುವಾಗಲೂ ಕಣ್ಣು ಆಫೀಸಿನ ಬಾಗಿಲ ಮೇಲೆಯೇ.

"ಮೊದ್ಲು ಇದ್ದ ವಾರ್ಡನ್ ಎಲ್ಲಿಗೆ ಹೋದ್ರಮ್ಮಾ?" ತ್ರಿವೇಣಿ ಮಾತಿಗೆ ಕೇಳಿದಳು.

"ಹೋದ್ರು."

"ಬೇರೆ ಕೆಲ್ಸ ಸಿಕ್ತಾ?"

"ನಂಗೇನೂ ಕೇಳಬ್ಯಾಡ್ರಿ ಮೇಡಂ. ಚಾ ಕುಡೀರಿ, ಆರಿ ಹೋಗ್ತತಿ."

ಕೇಳಿದ್ದು ತೀರಾ ಸಾಮಾನ್ಯ ಮಾತು. ಅದಕ್ಕೆ ಇಷ್ಟು ಹೆದರಿಕೆ ಯಾಕೆಂದು ತ್ರಿವೇಣಿಗೆ ಅನ್ನಿಸಿತು. ಲೋಟ ಇಡಲು ಎದ್ದಾಗ ಹಾಸ್ಟೆಲಿನ ಮಹಡಿ ಕಾಣಿಸಿತು. ಕಟ್ಟಡದ ಬಣ್ಣ ಮಾಸಿ ಹೋಗಿತ್ತು, ಮಹಡಿಯ ಸುತ್ತಲಿನ ಕಬ್ಬಿಣದ ಜಾಲರಿ ಮಾತ್ರ ಹೊಸದು. ಅದಕ್ಕಿನ್ನೂ ಬಣ್ಣ ಕೂಡ ಬಳಿದಿರಲಿಲ್ಲ.

ಒಳಗೆ ಇಬ್ಬರಿದ್ದರು. ಹಣೆಗೆ ವಿಭೂತಿ ಹಚ್ಚಿದ ಸರ್ವಮಂಗಳಮ್ಮ ಸಂಸ್ಥೆಯ ಅಧ್ಯಕ್ಷೆ. ಗಂಡ ಕಟ್ಟಿಸಿದ ಶಾಲೆ, ಅವರು ಹೋದಮೇಲೆ ಈಕೆ ನೋಡಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಅವರ ತಂಗಿಯ ಮಗ ಸಿದ್ದರಾಮೇಶ್, ಕಾರ್ಯದರ್ಶಿ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ.

"ಕುಂದರ್ರಿ. ತೆಲುಗು ವಸ್ತುಂದಾ?" ತೆಲುಗು ಬರುತ್ತದೆಯೇ ಎಂದು ಆತ ತೆಲುಗಿನಲ್ಲೇ ಕೇಳಿದ.

"ವಸ್ತುಂದಿ ಸಾರ್."

ಮೊದಲ ಪ್ರಶ್ನೆಗಳು ಸಲೀಸಾಗಿದ್ದವು. ಓದು, ಮನೆ, ಎಷ್ಟು ಮಕ್ಕಳನ್ನು ನೋಡಿಕೊಂಡ ಅನುಭವ. ಸರ್ವಮಂಗಳಮ್ಮ ಒಂದೇ ಒಂದು ಮಾತು ಕೇಳಿದರು: "ಮಕ್ಕಳು ಊಟ ಒಲ್ಲೆ ಅಂದ್ರ ಏನು ಮಾಡ್ತಿ ತಾಯಿ?"

"ಜೊತೇಲಿ ಕೂತ್ಕೊಂಡು ನಾನೂ ಅದನ್ನೇ ಉಣ್ತೀನಮ್ಮ. ಆಗ ಯಾಕೆ ಒಲ್ಲೆ ಅಂತಾರೆ ಅಂತ ನಂಗೇ ಗೊತ್ತಾಗುತ್ತೆ."

ಸರ್ವಮಂಗಳಮ್ಮ ನಕ್ಕರು. ಪೂಜೆಗೆ ಹೊತ್ತಾಯಿತೆಂದು ಉಳಿದದ್ದನ್ನು ತಂಗಿಯ ಮಗನಿಗೆ ವಹಿಸಿ ಎದ್ದು ಹೋದರು. ಅವರ ಕಾರು ಗೇಟು ದಾಟಿದ ಸದ್ದು ಕೇಳುವವರೆಗೆ ಸಿದ್ದರಾಮೇಶ್ ಪೆನ್ನಿನ ಮುಚ್ಚಳ ತಿರುವುತ್ತ ಸುಮ್ಮನೆ ಕೂತಿದ್ದ. ಆಮೇಲೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ.

"ನಿಮ್ಮ ಹತ್ರ ಇರೋ ಒಂದು ದೋಷ ಹೇಳ್ರಿ."

"ಕೆಲ್ಸ ಹಿಡಿದ್ರೆ ಮುಗಿಸೋವರ್ಗೂ ಬಿಡಲ್ಲ ಸಾರ್."

"ಇವತ್ತು ಬಂದವ್ರೆಲ್ಲ ಅದನ್ನೇ ಹೇಳಿದ್ರು. ಎಲ್ಲರೂ ಒಂದೇ ವಿಡಿಯೋ ನೋಡಿ ಬಂದೀರೇನು?"

ತ್ರಿವೇಣಿಯ ಮುಖ ಬಿಸಿಯಾಯಿತು. ಆತ ಅದರ ಮೇಲೆ ನಿಲ್ಲಲಿಲ್ಲ.

"ಇರ್ಲಿ. ಒಂದು ಹುಡುಗಿ ಬಿದ್ದು ಪೆಟ್ಟಾತು ಅಂತ ತಿಳ್ಕೊಳ್ರಿ. ಮೊದಲ ಫೋನು ಯಾರಿಗೆ ಮಾಡ್ತೀರಿ?"

"ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ ಸಾರ್."

"ಅದು ಗೊತ್ತಾತು. ಫೋನು ಯಾರಿಗೆ?"

"ನಿಮಗೂ ತಿಳಿಸ್ತೀನಿ, ಮನೆಯವರಿಗೂ ತಿಳಿಸ್ತೀನಿ."

"ನಾನು ಮನೆಯವರಿಗೆ ಈಗ ಬ್ಯಾಡ, ಸಂಜಿಗೆ ನೋಡೂಣ ಅಂದೆ ಅನ್ರಿ. ಆವಾಗ?"

ಹೊರಬಂದ ಹೆಂಗಸಿನ ಮಾತು, ಆಯಾಳ ಹೆದರಿಕೆ, ಬಣ್ಣವಿಲ್ಲದ ಜಾಲರಿ ಎಲ್ಲ ಒಟ್ಟಿಗೇ ತಲೆಗೆ ಬಂದವು. ಇದು ಸುಮ್ಮನೆ ಊಹಿಸಿ ಕೇಳುತ್ತಿರುವ ಪ್ರಶ್ನೆಯಲ್ಲ, ಇಲ್ಲಿ ಒಂದು ಹುಡುಗಿ ಬಿದ್ದಿದ್ದಾಳೆ ಎಂದು ಅವಳಿಗೆ ಅನುಮಾನ ಹುಟ್ಟಿತು. ಅವಳು ಉತ್ತರಿಸುವ ಮೊದಲೇ ಆತ ಥಟ್ಟನೆ ಕೇಳಿದ:

"ಹಿಂದಿನ ಕೆಲಸ ಯಾಕ ಬಿಟ್ರಿ?"

"ಇನ್ನೂ ಹೆಚ್ಚು ಕಲೀಬೇಕು ಅಂತ..."

"ಹಿಂದೂಪುರದಾಗ ನಮ್ಮವರು ಬೇಕಾದಷ್ಟು ಮಂದಿ ಅದಾರ. ಒಂದು ಫೋನು ಮಾಡಿದ್ರ ಸಾಕು. ನೀವೇ ಹೇಳಿದ್ರ ಚಲೋ."

ಈತ ಆಗಲೇ ಫೋನು ಮಾಡಿರಬಹುದೇ? ಅಥವಾ ಬರೀ ಬೆದರಿಕೆಯೇ? ಆತನ ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ. ಆರು ತಿಂಗಳಿಂದ ಯಾರಿಗೂ ಹೇಳದೆ ಇಟ್ಟುಕೊಂಡದ್ದು ಸಾಕಾಗಿತ್ತೋ ಏನೋ, ಅವಳು ಹೇಳಿಬಿಟ್ಟಳು.

"ಒಂದು ಹುಡುಗಿಗೆ ಮೂರು ದಿನದಿಂದ ಜ್ವರ ಇತ್ತು. ದೊಡ್ಡ ವಾರ್ಡನ್ನು 'ಪಾಲಕರಿಗೆ ತಿಳಿಸಲಾಗಿದೆ' ಅಂತ ರಿಜಿಸ್ಟರಲ್ಲಿ ಬರೆದು ಸೈನ್ ಹಾಕು ಅಂದ್ರು. ಯಾರಿಗೂ ತಿಳಿಸಿರ್ಲಿಲ್ಲ ಸಾರ್. ಆದ್ರೂ ಹಾಕ್ದೆ. ನಾಲ್ಕನೇ ದಿನ ಮಗು ಎಚ್ಚರ ತಪ್ತು. ಹನ್ನೊಂದು ದಿನ ಆಸ್ಪತ್ರೇಲಿತ್ತು, ಉಳೀತು. ಆ ತಾಯಿ ನನ್ನ ಹತ್ರ ಬಂದು, 'ಯಾವ ನಂಬರಿಗೆ ಫೋನ್ ಮಾಡಿದ್ರಿ ಅಕ್ಕಾ, ನಮಗೆ ಬರ್ಲೇ ಇಲ್ವಲ್ಲ' ಅಂತ ಕೇಳಿದ್ಳು. ಅದಕ್ಕೇ ಬಿಟ್ಟೆ."

ಬೈದು ಕಳಿಸುತ್ತಾನೆ ಎಂದುಕೊಂಡಿದ್ದಳು. ಸಿದ್ದರಾಮೇಶ್ ಹಾಳೆಯ ಮೇಲೆ ಏನೋ ಬರೆದುಕೊಂಡ. ತಲೆಯೆತ್ತಿದಾಗ ಮುಖದಲ್ಲಿ ಒಂದು ಬಗೆಯ ನೆಮ್ಮದಿಯಿತ್ತು.

"ಆತು. ಫೋನ್ ಮಾಡ್ತೀವಿ, ಹೋಗಿ ಬರ್ರಿ."

ತಪ್ಪು ಒಪ್ಪಿಕೊಂಡವಳನ್ನು ನೋಡಿ ಯಾಕೆ ನೆಮ್ಮದಿಪಟ್ಟ? ಗೇಟಿನವರೆಗೆ ನಡೆದರೂ ಅವಳಿಗೆ ಅದೇ ಯೋಚನೆ. ಬೇವಿನ ಮರದ ಕೆಳಗೆ ಉಜ್ಜಿನಮ್ಮ ಕಸ ಗುಡಿಸುತ್ತಿದ್ದಳು. ತ್ರಿವೇಣಿ ಹತ್ತಿರ ಹೋಗಿ ನಿಂತಳು.

"ಅಮ್ಮಾ, ನಾನು ಇಲ್ಲಿಗೆ ಬಂದ್ರೆ ನಿಮ್ಮ ಜೊತೇನೇ ಇರ್ಬೇಕು. ಇಲ್ಲಿ ಯಾವ ಮಗು ಬಿದ್ದಿದ್ದು?"

ಮುದುಕಿ ಪೊರಕೆ ನಿಲ್ಲಿಸಲಿಲ್ಲ. "ಕಣೇಕಲ್ಲಿಗೆ ಹೋಗ್ರಿ. ಕೆರೆ ಏರಿ ಹತ್ರ, ಮೊದ್ಲಿದ್ದ ವಾರ್ಡನ್ ರೇವತಿ ಮೇಡಂ ಮನಿ ಅಂದ್ರ ತೋರಿಸ್ತಾರ. ನಾ ಹೇಳಿದೆ ಅನ್ನಬ್ಯಾಡ್ರಿ."

ಅಷ್ಟು ದೂರ ಬಂದವಳಿಗೆ ಕಣೇಕಲ್ಲು ದೂರವೆನಿಸಲಿಲ್ಲ. ಮಧ್ಯಾಹ್ನದ ಬಸ್ಸು ಹತ್ತಿ, ಭತ್ತದ ಗದ್ದೆಗಳ ನಡುವೆ ಹೋಗಿ, ಕೇಳಿಕೊಂಡು ಮನೆ ಹುಡುಕಿದಳು. ಬಾಗಿಲನ್ನು ಅರ್ಧ ತೆರೆದ ರೇವತಿಗೆ ಮೂವತ್ತೈದು ಇರಬಹುದು. ತ್ರಿವೇಣಿ ಹೆಸರು, ಊರು, ಬಂದ ಕಾರಣ ಹೇಳಿದಳು.

"ಯಾರು ಕಳಿಸಿದ್ರು ನಿಮ್ಮನ್ನ?"

"ಯಾರೂ ಇಲ್ಲ."

"ಸಿದ್ದರಾಮೇಶ್ ಕಳಿಸಿದ್ರೇನು? ನಾನು ಊರಾಗ ಏನು ಮಾತಾಡ್ತೀನಿ ಅಂತ ತಿಳ್ಕೊಳ್ಳಾಕ?"

ತ್ರಿವೇಣಿ ತನ್ನ ಹಿಂದೂಪುರದ ಕಥೆಯನ್ನು ಆ ಹೊಸ್ತಿಲಲ್ಲೇ ನಿಂತು ಎರಡನೇ ಸಲ ಹೇಳಿದಳು. ರೇವತಿ ಪೂರ್ತಿ ಕೇಳಿ, ಬಾಗಿಲು ತೆರೆದು, ನೀರು ಕೊಟ್ಟಳು. ನಂಬಿದಳೆಂದು ಹೇಳಲಾಗದು, ಒಳಗಂತೂ ಕರೆದಳು.

ಎರಡು ತಿಂಗಳ ಹಿಂದೆ ಬಟ್ಟೆ ಒಣಹಾಕಲು ಮಹಡಿಗೆ ಹೋದ ಏಳನೇ ತರಗತಿಯ ಹುಡುಗಿ ಕೆಳಗೆ ಬಿದ್ದು ಕಾಲು ಮುರಿದುಕೊಂಡಿದ್ದಳು. ಬಚ್ಚಲಲ್ಲಿ ಜಾರಿದಳೆಂದು ಬರೆಯಲು, ಸಂಜೆಯವರೆಗೆ ಮನೆಗೆ ತಿಳಿಸದಿರಲು ಸಿದ್ದರಾಮೇಶ್ ಹೇಳಿದ. ರೇವತಿ ಕೇಳಲಿಲ್ಲ. ತಂದೆಗೆ ಫೋನು ಮಾಡಿದಳು, ಇದ್ದದ್ದನ್ನೇ ಬರೆದಳು. ಮರುದಿನ ಆ ರಿಜಿಸ್ಟರೂ ಇರಲಿಲ್ಲ, ಅವಳ ಕೆಲಸವೂ ಇರಲಿಲ್ಲ.

"ಸರ್ವಮಂಗಳಮ್ಮನವರಿಗೆ ಗೊತ್ತಿಲ್ವಾ?"

"ನನ್ನ ಮದಿವಿ ಗೊತ್ತಾಗೇತಿ, ಅದಕ್ಕ ಕೆಲಸ ಬಿಟ್ಟು ಹೋದ್ಳು ಅಂತ ಅವರಿಗೆ ಹೇಳ್ಯಾನಂತ. ಅವರ ಮನಿಗೆ ಹೋದೆ, ಗೇಟಿನಾಗಿಂದ ವಾಪಸ್ ಕಳಿಸಿದ್ರು."

ಅಷ್ಟರಲ್ಲಿ ತ್ರಿವೇಣಿಯ ಫೋನು ಹೊಡೆಯಿತು. ಹೊಸ ನಂಬರು. ಅವಳು ಸ್ಪೀಕರ್ ಒತ್ತಿ ಇಬ್ಬರ ನಡುವೆ ಇಟ್ಟಳು.

"ತ್ರಿವೇಣಿ ಮೇಡಂ, ನೀವು ಸೆಲೆಕ್ಟ್ ಆಗೀರಿ. ಸೋಮವಾರ ಬರ್ರಿ," ಸಿದ್ದರಾಮೇಶನ ದನಿ. "ನಿಮ್ಮಂಥ ಅನುಭವ ಇದ್ದೋರೇ ಬೇಕಾಗಿತ್ತು ನೋಡ್ರಿ. ಮ್ಯಾನೇಜ್‌ಮೆಂಟ್ ಹೇಳಿದ್ದನ್ನ ತಿಳ್ಕೊಂಡು ನಡಿಯೋರು."

ಫೋನು ನಿಂತಿತು. ಆ ನೆಮ್ಮದಿಯ ಅರ್ಥ ತ್ರಿವೇಣಿಗೆ ಈಗ ಆಯಿತು. ಅವಳು ಒಪ್ಪಿಕೊಂಡ ತಪ್ಪೇ ಅವನಿಗೆ ಅರ್ಹತೆಯಾಗಿ ಕಂಡಿತ್ತು. ಒಮ್ಮೆ ಸುಳ್ಳಿಗೆ ಸಹಿ ಹಾಕಿದ ಕೈ ಇನ್ನೊಮ್ಮೆಯೂ ಹಾಕುತ್ತದೆ ಎಂದು ಲೆಕ್ಕ ಹಾಕಿದ್ದ.

"ಹೋಗ್ತೀರೇನು?" ರೇವತಿ ಕೇಳಿದಳು.

ತ್ರಿವೇಣಿ ಫೋನು ಕೈಗೆತ್ತಿಕೊಂಡಳು. "ನಾನು ಹೋಗದಿದ್ರೆ ಆಯಪ್ಪ ನಿಜವಾಗ್ಲೂ ಅಂಥವರನ್ನೇ ಹುಡುಕ್ಕೊಂತಾನೆ ಅಕ್ಕಾ. ಹೋಗ್ತೀನಿ. ನಿಮ್ಮ ನಂಬರ್ ಕೊಡಿ."

ರೇವತಿ ನಂಬರು ಕೊಟ್ಟಳು. ಆದರೆ ಬಾಗಿಲಲ್ಲಿ ನಿಂತು ನೋಡಿದ ನೋಟದಲ್ಲಿ ಅನುಮಾನ ಹಾಗೇ ಇತ್ತು.

ಸೋಮವಾರದಿಂದ ತ್ರಿವೇಣಿ ಐವತ್ತೆರಡು ಹುಡುಗಿಯರ ವಾರ್ಡನ್ ಆದಳು. ಮೊದಲ ವಾರದಲ್ಲೇ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮನೆಯ ನಂಬರುಗಳನ್ನು ತನ್ನ ಫೋನಿಗೆ ಹಾಕಿಕೊಂಡಳು. ಸಿದ್ದರಾಮೇಶ್ ದಿನಕ್ಕೊಮ್ಮೆ ಬಂದು, "ಎಲ್ಲಾ ಆರಾಮ ಐತಲ್ರಿ? ಏನಿದ್ರೂ ಮೊದಲು ನನಗ," ಎನ್ನುತ್ತಿದ್ದ. ಅವಳು "ಸರಿ ಸಾರ್" ಎನ್ನುತ್ತಿದ್ದಳು. ಹಾಗೆ ಅಂದಾಗಲೆಲ್ಲ ತನ್ನ ಮೇಲೆಯೇ ಸಂಶಯವಾಗುತ್ತಿತ್ತು. ಆವತ್ತು ಹಿಂದೂಪುರದಲ್ಲೂ ಹೀಗೆಯೇ "ಸರಿ ಮೇಡಂ" ಅಂದಿದ್ದಳು. ಗಳಿಗೆ ಬಂದಾಗ ಮತ್ತೆ ಹಾಗೆಯೇ ಸಹಿ ಹಾಕಿಬಿಟ್ಟರೆ?

ನಾಲ್ಕನೆಯ ಭಾನುವಾರ ಮಧ್ಯಾಹ್ನ ಆ ಗಳಿಗೆ ಬಂತು. ಬಟ್ಟೆ ಒಗೆಯುತ್ತಿದ್ದ ಆರನೇ ತರಗತಿಯ ಸ್ವಪ್ನಾ ಕಲ್ಲು ಸರಿಸಲು ಹೋದಾಗ ಚೇಳು ಕಡಿಯಿತು. ಹುಡುಗಿ ಬೆವೆತು ವಾಂತಿ ಮಾಡಿಕೊಂಡಳು. ತ್ರಿವೇಣಿ ಅವಳನ್ನು ಎತ್ತಿಕೊಂಡು ಆಟೋ ಹತ್ತಿದಳು. ಆಟೋದಲ್ಲೇ ನೇಮಕಲ್ಲಿನಲ್ಲಿದ್ದ ಹುಡುಗಿಯ ತಂದೆ ಹೊನ್ನೂರಪ್ಪನಿಗೆ ಫೋನು ಮಾಡಿದಳು. ಆಮೇಲೆ ಸಿದ್ದರಾಮೇಶನಿಗೆ.

"ಮನಿಯವರಿಗೆ ಹೇಳಬ್ಯಾಡ್ರಿ, ಸಂಜಿಗೆ ನೋಡೂಣ," ಎಂದ.

"ಹೇಳಿದೀನಿ ಸಾರ್. ಹೊರಟವ್ರೆ."

ಆ ಕಡೆಯಿಂದ ಫೋನು ಕಟ್ಟಾಯಿತು.

ಸರ್ಕಾರಿ ಆಸ್ಪತ್ರೆಯಲ್ಲಿ ತಕ್ಷಣ ಚುಚ್ಚುಮದ್ದು ಕೊಟ್ಟರು. ತಡಮಾಡದೆ ತಂದದ್ದು ಒಳ್ಳೆಯದಾಯಿತು, ಒಂದು ದಿನ ಇಲ್ಲೇ ಇರಲಿ ಎಂದರು ಡಾಕ್ಟರು. ಹೊನ್ನೂರಪ್ಪ ಬಂದು ಮಗಳ ಕಾಲ ಬಳಿ ಕೂತ. ಸಿದ್ದರಾಮೇಶ್ ಹಾಸ್ಟೆಲಿನ ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಬಂದು ತ್ರಿವೇಣಿಯನ್ನು ಹೊರಗೆ ಕರೆದ.

"ರಜಾಕ್ಕ ಮನಿಗೆ ಹೋದಾಗ ಕಡೀತು ಅಂತ ಬರೀರಿ. ಅವರಪ್ಪನ ಹತ್ರ ನಾ ಮಾತಾಡ್ತೀನಿ."

"ಬರೆಯಲ್ಲ ಸಾರ್."

"ಇಂಟರ್‌ವ್ಯೂನಾಗ ಬ್ಯಾರೆ ಹೇಳಿದ್ರಲ್ಲ!"

"ನೀವು ಕೇಳಿದ್ದು ಹಿಂದಿನ ಕೆಲ್ಸದ ವಿಷ್ಯ. ಅಲ್ಲಿ ಮಾಡಿದ್ದನ್ನ ಹೇಳ್ದೆ. ಇಲ್ಲೂ ಮಾಡ್ತೀನಿ ಅಂತ ಹೇಳ್ಲಿಲ್ಲ."

ಅವಳು ರಿಜಿಸ್ಟರು ತೆಗೆದುಕೊಂಡು, ಅಲ್ಲೇ ಬೆಂಚಿನ ಮೇಲೆ ಕೂತು, ಚೇಳು ಕಡಿದ ವೇಳೆ, ಫೋನು ಮಾಡಿದ ವೇಳೆ, ಆಸ್ಪತ್ರೆ ಸೇರಿದ ವೇಳೆ ಬರೆದು ಸಹಿ ಹಾಕಿದಳು. ಫೋನಿನಲ್ಲಿ ಆ ಪುಟದ ಫೋಟೋ ತೆಗೆದಳು. ಹೊನ್ನೂರಪ್ಪನನ್ನು ಕರೆದು ಕೆಳಗೆ ಅವನ ಸಹಿಯನ್ನೂ ಹಾಕಿಸಿದಳು. ಸಿದ್ದರಾಮೇಶ್ ಹೊರಟುಹೋದ.

ಮರುದಿನ ಬೆಳಿಗ್ಗೆ ಆಫೀಸಿನಿಂದ ಕರೆ ಬಂತು. ಪೆಟ್ಟಿಗೆ ಕಟ್ಟಬೇಕೆಂದು ಎಣಿಸಿಯೇ ಹೋದಳು. ಒಳಗೆ ಸರ್ವಮಂಗಳಮ್ಮ ಒಬ್ಬರೇ ಕೂತಿದ್ದರು. ಹೊನ್ನೂರಪ್ಪ ಆಸ್ಪತ್ರೆಯಿಂದ ಬೆಳಿಗ್ಗೆಯೇ ಅವರ ಮನೆಗೆ ಹೋಗಿ ಕೈಮುಗಿದು, ವಾರ್ಡನಮ್ಮ ಮಗಳನ್ನು ಉಳಿಸಿದಳೆಂದು ಹೇಳಿದ್ದ. ಸಿದ್ದರಾಮೇಶ್ ಅವನಿಗಿಂತ ಮೊದಲೇ ಹೋಗಿ ಬೇರೆಯೇ ಹೇಳಿದ್ದ.

"ನೀನು ಹಿಂದೂಪುರದಾಗ ಸುಳ್ಳು ಬರೆದಾಕಿ ಅಂತ ಹೇಳ್ತಾನ ನಮ್ಮ ಹುಡುಗ. ಖರೇನಾ?"

"ನಿಜ ಅಮ್ಮಾ."

"ಮತ್ತ ನಿನ್ನ ಹ್ಯಾಂಗ ನಂಬಬೇಕು ನಾನು?"

"ನನ್ನ ಮಾತು ನಂಬ್ಬೇಡಿ. ಆ ಮಗೂನ ಕೇಳಿ, ಅವರಪ್ಪನ್ನ ಕೇಳಿ, ಆಸ್ಪತ್ರೆ ಚೀಟಿ ನೋಡಿ. ಆಮೇಲೆ ರೇವತಿ ಮೇಡಂಗೂ ಒಂದು ಫೋನ್ ಮಾಡಿ."

"ರೇವತಿ ಯಾಕ? ಆಕಿ ಮದಿವಿ ಆಗಿ ಹೋದ್ಳಲ್ಲ?"

"ಇಲ್ಲಮ್ಮಾ. ಕಣೇಕಲ್ಲಲ್ಲೇ ಅವ್ರೆ. ಮಗು ಮಹಡಿಯಿಂದ ಬಿದ್ದಿದ್ದನ್ನ ಇದ್ದಂಗೇ ಬರೆದಿದ್ದಕ್ಕೆ ಅವರನ್ನ ತೆಗೆದ್ರು."

ಸರ್ವಮಂಗಳಮ್ಮ ಕನ್ನಡಕ ತೆಗೆದು ಅವಳನ್ನೇ ದಿಟ್ಟಿಸಿದರು. ಯಾರ ಮಾತನ್ನು ನಂಬುವುದೆಂದು ಆಕೆ ಹುಡುಕುತ್ತಿದ್ದುದು ಕಾಣುತ್ತಿತ್ತು. ಕೊನೆಗೆ ತಾವೇ ನಂಬರು ಒತ್ತಿದರು. "ನಾನವ್ವ, ಸರ್ವಮಂಗಳ. ಫೋನ್ ಇಡಬ್ಯಾಡ, ಕೇಳಿಲ್ಲಿ. ಆವತ್ತು ಏನಾತು ಅದನ್ನ ಹೇಳು." ಆಮೇಲೆ ಕಾಲು ಗಂಟೆ ಅವರು "ಹೂಂ" ಎನ್ನುವುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ.

ಹಾಸ್ಟೆಲಿನ ವ್ಯವಹಾರ ಅಂದಿನಿಂದ ಸರ್ವಮಂಗಳಮ್ಮನ ಕೈಗೆ ಹೋಯಿತು. ರೇವತಿಯನ್ನು ಕರೆದರು, ಅವಳು ಬರಲಿಲ್ಲ. ಸಿದ್ದರಾಮೇಶ್ ಕಾರ್ಯದರ್ಶಿಯಾಗಿಯೇ ಉಳಿದ, ತಂಗಿಯ ಮಗನಲ್ಲವೇ. ಎದುರು ಸಿಕ್ಕಾಗ "ಆರಾಮಾ?" ಎನ್ನುತ್ತಾನೆ. ತ್ರಿವೇಣಿ "ಆರಾಮ ಸಾರ್" ಎನ್ನುತ್ತಾಳೆ. ಪ್ರತಿ ಶನಿವಾರ ರಿಜಿಸ್ಟರಿನ ಪುಟಗಳನ್ನು ಮೊದಲಿನಿಂದ ಎಣಿಸಿ, ಒಂದೂ ಕಡಿಮೆಯಾಗಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಬೀರುವಿಗೆ ಬೀಗ ಹಾಕುತ್ತಾಳೆ.