ಹೆಂಡದ ವಾಸನೆಯ ಸ್ವಾಮಿ

ಏಲಿಕ್ಕುಟ್ಟಿ ಸಿಸ್ಟರ್ ಕೆಲಸದಲ್ಲಿದ್ದ ದಿನ ಕುಡುಕರು ಜ್ವರ ಬಂದರೂ ಮನೆಯಲ್ಲೇ ಹೊದ್ದು ಮಲಗುತ್ತಾರೆ ಎಂಬ ಮಾತು ಕುಟ್ಟನಾಡಿನ ಆ ಸಣ್ಣ ಸರ್ಕಾರಿ ಆಸ್ಪತ್ರೆಯ ಸುತ್ತ ಹಳೆಯದು. ಅವಳ ಅಪ್ಪ ಕುಡಿದೇ ಸತ್ತವನು. ಹನ್ನೆರಡರ ವಯಸ್ಸಿನಲ್ಲಿ ಅವನ ಹೆಣದ ಮುಂದೆ ಬೈಬಲ್ಲಿನ ಕೀರ್ತನೆ ಓದಿದವಳು ಅವಳು. ಅಂದಿನಿಂದ ಹೆಂಡದ ವಾಸನೆ ಮೂಗಿಗೆ ಬಡಿದರೆ ಸಾಕು, ಕರುಳು ಕಲ್ಲಾಗುತ್ತಿತ್ತು. ನರ್ಸಾಗಿ ಇಪ್ಪತ್ತೆಂಟು ವರ್ಷ. ಎಳೆಯ ಡಾಕ್ಟರುಗಳು ಅವಳ ಮಾತಿಗೆ ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದರು.

ಆ ಬೆಳಿಗ್ಗೆ ದೋಣಿಯವರಿಬ್ಬರು ಸುಗುಣನ್‌ನನ್ನು ಹೊತ್ತು ತಂದರು. ತೆಂಗಿನ ಮರದಿಂದ ಹೆಂಡ ಇಳಿಸುವವನು. ಬುಡಕ್ಕೆ ಒರಗಿ ಕೂತು ತೊದಲುತ್ತಿದ್ದನಂತೆ. ಬಿದ್ದದ್ದನ್ನು ಯಾರೂ ಕಂಡಿಲ್ಲ. ಮೈಮೇಲೆ ಗಾಯವಿಲ್ಲ. ಪಂಚೆ, ಎದೆ ಎಲ್ಲ ಹೆಂಡದಲ್ಲಿ ತೊಯ್ದಿದ್ದವು. ಕೊರಳಲ್ಲಿ ಶಬರಿಮಲೆಯ ಮಾಲೆ.

“ಮಾಲೆ ಬೇರೆ ಕೇಡು,” ಎಂದಳು ಏಲಿಕ್ಕುಟ್ಟಿ. “ಸ್ವಾಮಿಗಳಿಗೆ ಬೆಳಬೆಳಿಗ್ಗೆನೇ ದರ್ಶನ ಆಗ್ಬಿಟ್ಟಿದೆ. ವೆರಾಂಡದ ಬೆಂಚಲ್ಲಿ ಮಲಗಿಸಿ. ಅಮಲು ಇಳಿದ್ಮೇಲೆ ನೋಡೋಣ.”

ಡಾಕ್ಟರ್ ಅನ್ಸಾರ್ ಬಾಗಿಲಿನಿಂದಲೇ ಇಣುಕಿದ. “ಕುಡಿದಿದಾನಾ, ಸಿಸ್ಟರ್?”

“ಇನ್ನೇನು ಸಾರ್, ಪನ್ನೀರು ಚಿಮುಕಿಸ್ಕೊಂಡಿದಾನಾ?”

ಡಾಕ್ಟರ್ ನಕ್ಕು, ಚೀಟಿಗೆ ಸಹಿ ಹಾಕಿ ಒಳಗೆ ಹೋದ.

ಅರ್ಧ ಗಂಟೆಯಾಗಿತ್ತು. ಸುಗುಣನ್‌ನ ಹೆಂಡತಿ ಲೀಲಾಮಣಿ ಏದುಸಿರು ಬಿಡುತ್ತ ಬಂದಳು. ಕೈಯ ಟವೆಲ್ಲಿನಲ್ಲಿ ಮಡಕೆಯ ಚೂರುಗಳು.

“ಸ್ವಾಮಿ ಮರದಿಂದ ಬಿದ್ದಿದಾರೆ ಸಿಸ್ಟರೇ. ಸೊಂಟದ ಮಡಕೆ ಮೈಮೇಲೇ ಒಡೆದಿದೆ, ನೋಡಿ.”

“ಕುಡಿದು ಹತ್ತಿದ್ರೆ ಬೀಳದೆ ಹಾರ್ತಾರಾ?”

“ವ್ರತ ಹಿಡಿದು ಮೂವತ್ತಾರು ದಿನ ಆಯ್ತು. ಮರ ಹತ್ತೋದು ಹೊಟ್ಟೆಪಾಡಿಗೆ. ಇಳಿಸಿದ್ದನ್ನ ನಾಲಗೆಗೆ ತಾಗಿಸಿಲ್ಲ.”

“ಗಂಡನ್ನ ಬಿಟ್ಟುಕೊಡೋ ಹೆಂಡ್ತಿನ ನಾನಿನ್ನೂ ಕಂಡಿಲ್ಲಮ್ಮ. ನಮ್ಮಮ್ಮನೂ ಹೀಗೇ ಹೇಳ್ತಿದ್ಲು.”

ಲೀಲಾಮಣಿ ಅಳಲಿಲ್ಲ. “ನಿಮ್ಮಮ್ಮನ ಗಂಡನ ಕತೆ ನಂಗೊತ್ತಿಲ್ಲ. ಇವರು ನನ್ನ ಗಂಡ. ನೀವು ಬಟ್ಟೆ ಮೂಸಿದೀರಿ. ಬಾಯಿ ಮೂಸಿ.”

ವೆರಾಂಡದಲ್ಲಿ ಚೀಟಿ ಹಿಡಿದು ನಿಂತಿದ್ದವರೆಲ್ಲ ಬೆಂಚಿನತ್ತ ತಿರುಗಿದರು. ಏಲಿಕ್ಕುಟ್ಟಿ ಬಾಗಿದಳು. ಉಸಿರಿನಲ್ಲಿ ಒಣಶುಂಠಿ ಕಾಫಿಯ ವಾಸನೆ, ಅಷ್ಟೇ. ಇನ್ನೊಮ್ಮೆ ಬಾಗಿದಳು. ಕಿಸೆಯಿಂದ ಟಾರ್ಚ್ ತೆಗೆದು ರೆಪ್ಪೆ ಬಿಡಿಸಿದಳು. ಒಂದು ಕಣ್ಣಿನ ಪಾಪೆ ಬೆಳಕಿಗೆ ಕುಗ್ಗಿತು. ಇನ್ನೊಂದು ಅಗಲವಾಗಿ ತೆರೆದಲ್ಲೇ ನಿಂತಿತ್ತು.

ಅವಳು ಡಾಕ್ಟರ ಕೋಣೆಗೆ ಓಡಿದಳು. ಆ ವೆರಾಂಡದಲ್ಲಿ ಅವಳು ಓಡಿದ್ದನ್ನು ಅಲ್ಲಿಯವರೆಗೆ ಕಂಡವರಿರಲಿಲ್ಲ.

“ನೀವೇ ಅಲ್ವಾ ಸಿಸ್ಟರ್, ಕುಡಿದಿದಾನೆ ಅಂದದ್ದು?” ಎಂದ ಅನ್ಸಾರ್.

“ನಾನೇ ಅಂದದ್ದು. ತಪ್ಪು ಅಂದೆ. ನಮ್ಮಪ್ಪನ್ನ ನೋಡಿದೆ, ಇವರನ್ನ ನೋಡ್ಲಿಲ್ಲ. ತಲೆಯೊಳಗೆ ರಕ್ತ ಇಳೀತಿದೆ ಸಾರ್. ಆಂಬುಲೆನ್ಸ್ ಕರೆಸಿ, ನಾನೂ ಹೋಗ್ತೀನಿ.”

ಆಂಬುಲೆನ್ಸಿನಲ್ಲಿ ಒಂದು ಪಕ್ಕ ಲೀಲಾಮಣಿಯ ಶರಣಂ, ಇನ್ನೊಂದು ಪಕ್ಕ ಏಲಿಕ್ಕುಟ್ಟಿಯ ಕೀರ್ತನೆ. ಒಬ್ಬಳ ಉಸಿರು ತುಂಡಾದಲ್ಲಿ ಇನ್ನೊಬ್ಬಳ ಸಾಲು ಏಳುತ್ತಿತ್ತು. ದೊಡ್ಡಾಸ್ಪತ್ರೆಯಲ್ಲಿ ತಲೆಬುರುಡೆ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆದರು. “ಇನ್ನರ್ಧ ಗಂಟೆ ತಡ ಆಗಿದ್ರೆ ನನ್ನ ಕೈಲಿರ್ಲಿಲ್ಲ,” ಎಂದರು ಸರ್ಜನ್. ಬೆಂಚಿನ ಮೇಲೆ ಕಳೆದುಹೋದ ಅರ್ಧ ಗಂಟೆ ಯಾರದೆಂದು ಏಲಿಕ್ಕುಟ್ಟಿ ಅವರಿಗೂ ಹೇಳಿದಳು, ಲೀಲಾಮಣಿಗೂ ಹೇಳಿದಳು. ಮೂರನೆಯ ದಿನ ಸುಗುಣನ್ ಕಣ್ಣು ಬಿಟ್ಟು ಹೆಂಡತಿಯ ಹೆಸರು ಹಿಡಿದು ಕರೆದ.

ಎರಡು ತಿಂಗಳ ಮೇಲೆ, ರೋಗಿಗಳ ಸಾಲು ದೋಣಿಕಟ್ಟೆಯವರೆಗೆ ಮುಟ್ಟಿದ್ದ ಹೊತ್ತಿನಲ್ಲಿ, ಅವನು ತನ್ನ ಕಾಲಮೇಲೆ ನಡೆದು ಬಂದ. ಹೊಲಿಗೆಯ ಗುರುತಿನ ಸುತ್ತ ಕೂದಲು ಚಿಗುರಿತ್ತು. ಲೀಲಾಮಣಿ ಹಿಂದಿದ್ದಳು, ಕೈ ಹಿಡಿಯದೆ.

“ನೆಟ್ಟಗೆ ನಡೀತೀನಾ ನೋಡಿ ಹೇಳಿ, ಸಿಸ್ಟರೇ,” ಎಂದವನೇ ನೆಲದ ಗೆರೆ ಹಿಡಿದು ಹೊರಟ.

“ಕುಡೀದೇ ಇರೋ ನಾನೂ ಇಷ್ಟು ನೆಟ್ಟಗೆ ನಡೆಯಲ್ಲ ಕಣಯ್ಯಾ,” ಎಂದಿತು ಸಾಲಿನೊಳಗಿಂದ ಒಂದು ಮುದಿ ದನಿ. ನಗೆ ಎದ್ದಿತು. ಜನ ಸರಿದು ದಾರಿ ಬಿಟ್ಟರು.

ಏಲಿಕ್ಕುಟ್ಟಿ ಕುರ್ಚಿಯಿಂದ ಎದ್ದಳು. ದೊಡ್ಡ ಡಾಕ್ಟರು ಬಂದರೂ ಅರ್ಧವಷ್ಟೇ ಏಳುವವಳು, ಸುಗುಣನ್ ಆ ತುದಿ ಮುಟ್ಟಿ ತಿರುಗಿ ಬರುವವರೆಗೂ ನಿಂತೇ ಇದ್ದಳು.