ಸಾಲಿನ ಕೊನೆಯ ದನಿ

ಅಮ್ಮ ಬಂದದ್ದು ನನ್ನನ್ನು ವಾಪಸ್ ಗಂಡನ ಮನೆಗೆ ಸಾಗಿಸುವುದಕ್ಕೆ. ಬಂದ ದಿನವೇ, ಚಪ್ಪಲಿ ಬಿಡುವ ಮೊದಲೇ, "ಸಾಕು ಈ ನಾಟಕ, ಬಟ್ಟೆ ಕಟ್ಟು" ಎಂದಳು. "ಮೊದಲು ಒಳಗೆ ಬಾ" ಎಂದೆ. ಅಲ್ಲಿಗೆ ನಮ್ಮ ಮಾತು ಮುಗಿಯಿತು. ಆಮೇಲೆಲ್ಲ "ಗೀಸರ್ ಆಫ್ ಮಾಡು", "ಹಾಲು ಉಕ್ತಿದೆ ನೋಡು", ಇಷ್ಟೇ.

ನನ್ನ ಗಂಡ ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಹಾಗಾಗಿ ಬಿಟ್ಟುಬಂದದ್ದಕ್ಕೆ ಅಮ್ಮ ಒಪ್ಪುವಂಥ ಕಾರಣ ನನ್ನ ಹತ್ತಿರ ಇರಲಿಲ್ಲ. ಇಷ್ಟು ವರ್ಷ ಗೋಡೆಯ ಜೊತೆ ಸಂಸಾರ ಮಾಡಿದ ಹಾಗಾಯಿತು ಎಂದು ಒಮ್ಮೆ ಫೋನಿನಲ್ಲಿ ಹೇಳಿದ್ದೆ. "ಗೋಡೆ ಇದ್ದರೆ ತಾನೇ ಮನೆ" ಎಂದು ಫೋನ್ ಇಟ್ಟಿದ್ದಳು.

ಮರುದಿನ ಬೆಳಗಿನ ರೈಲಿಗೆ ಅವಳು ಹೊರಡುವವಳಿದ್ದಳು. ನಾನು ಜೊತೆಗೆ ಹೋಗದಿದ್ದರೆ ಇನ್ನು ಮುಂದೆ ನನ್ನ ಹೊಸಿಲು ತುಳಿಯುವುದಿಲ್ಲವಂತೆ. ಅಮ್ಮ ಅಂದದ್ದನ್ನು ಮಾಡುವವಳು. ಚಿಕ್ಕಮ್ಮನ ಮನೆಯ ಹೊಸಿಲನ್ನು ಅವಳು ತುಳಿಯದೆ ಎಷ್ಟು ಕಾಲವಾಯಿತೋ, ಕಾರಣ ಇಬ್ಬರಿಗೂ ಮರೆತುಹೋಗಿದೆ. ಹಾಗಾಗಿ ನಾನು ಕೊನೆಯ ಪ್ರಯತ್ನವಾಗಿ, "ನಾನು ಏನು ಕೆಲಸ ಮಾಡ್ತೀನಿ ಅಂತ ಒಂದ್ಸಲ ನೋಡ್ಕೊಂಡಾದ್ರೂ ಹೋಗು" ಎಂದೆ. ನೋಡಿದರೆ ಅರ್ಥವಾಗುತ್ತದೆ ಎಂಬ ಹುಚ್ಚು ಆಸೆ.

ನನ್ನ ಕೆಲಸ ಹೀಗೆ. ಗಡಿಯಾರದ ಗೋಪುರದ ಎದುರಿಗಿರುವ ಅಂಗಡಿಯಿಂದ ಪ್ರತಿದಿನ ಸಂಜೆ ಪ್ರವಾಸಿಗಳನ್ನು ಸೆಗ್ವೇ ಗಾಡಿಗಳ ಮೇಲೆ ನಿಲ್ಲಿಸಿಕೊಂಡು ಹಳೆಯ ಬಂದರನ್ನು ಸುತ್ತಿಸಿ ತರುವುದು. ಎರಡು ಚಕ್ರ, ನಡುವೆ ನಿಲ್ಲಲು ಒಂದು ಹಲಗೆ, ಎದೆಮಟ್ಟಕ್ಕೆ ಒಂದು ಹಿಡಿ. ಮುಂದಕ್ಕೆ ಬಾಗಿದರೆ ಹೋಗುತ್ತದೆ, ಹಿಮ್ಮಡಿಗೆ ಭಾರ ಕೊಟ್ಟರೆ ನಿಲ್ಲುತ್ತದೆ. ಮೈ ಯಾವ ಕಡೆ ವಾಲಿತೋ ಗಾಡಿಯೂ ಆ ಕಡೆಗೇ. ಆದ್ದರಿಂದ ಓಡಿಸುವಾಗ ಹಿಂದೆ ತಿರುಗಿ ನೋಡಬಾರದು. ಸಮುದ್ರದ ಪಕ್ಕದ ಕಿರಿದಾದ ದಾರಿಯಲ್ಲಂತೂ ಕುತ್ತಿಗೆ ಹೊರಳಿಸಿದರೂ ಆಪತ್ತು. ಮೊದಲು ಸಾಲಿನ ಕೊನೆಯಲ್ಲಿ ನಮ್ಮದೇ ಒಬ್ಬ ಆಳು ಇರುತ್ತಿದ್ದ. ಅವನು ಬೇರೆ ಕೆಲಸ ಹಿಡಿದು ಹೋದ ಮೇಲೆ ನಾನೇ ಒಂದು ಪದ್ಧತಿ ಮಾಡಿಕೊಂಡೆ. ತಿರುವು ಬಂದಾಗಲೆಲ್ಲ "ಹಿಂದೆ?" ಎಂದು ಕೂಗುತ್ತೇನೆ. ಮುಂದಿನವರಿಂದ ಶುರುವಾಗಿ ಒಬ್ಬೊಬ್ಬರೂ "ಇದೀನಿ" ಎನ್ನಬೇಕು. ಕೊನೆಯವರ ದನಿ ಕೇಳಿದರೆ ಸಾಲು ಪೂರ್ತಿ ಇದೆ ಎಂದು ಲೆಕ್ಕ. ಕಿವಿಯೇ ನನ್ನ ಕಣ್ಣು.

ಆ ಸಂಜೆ ಗಿರಾಕಿಗಳು ಕಡಿಮೆ. ಹೊಸದಾಗಿ ಮದುವೆಯಾದ ಒಬ್ಬ ಹಲ್ಲಿನ ಡಾಕ್ಟರು, ಅವರ ಹೆಂಡತಿ, ಮತ್ತೆ ನಿವೃತ್ತರಾದ ಒಬ್ಬ ಸ್ಟೇಷನ್ ಮಾಸ್ಟರು. ಅಮ್ಮನನ್ನು ನನ್ನ ಬೆನ್ನ ಹಿಂದೆಯೇ ನಿಲ್ಲಿಸಿಕೊಳ್ಳಬೇಕೆಂದಿದ್ದೆ. ಅವಳು ಕೇಳಬೇಕಲ್ಲ.

"ನಾನು ಕೊನೇಲಿ ಬರ್ತೀನಿ. ಬಿದ್ರೆ ನಾಲ್ಕು ಜನ ನೋಡಿ ನಗೋದು ಬೇಡ."

"ಅಮ್ಮಾ, ಹೊಸಬರು ಮುಂದೆ ಇರ್ಬೇಕು."

"ಹೊಸಬಳು ಯಾರು? ನಿನ್ನ ಹೆತ್ತವಳು ನಾನು."

ಸ್ಟೇಷನ್ ಮಾಸ್ಟರು ನಕ್ಕು, "ಬಿಡಮ್ಮ, ಗಾರ್ಡ್ ಡಬ್ಬಿ ಯಾವಾಗಲೂ ಹಿಂದೇನೇ" ಎಂದರು. ಅಮ್ಮ ಕೆಂಪು ದೀಪವಿದ್ದ ಹೆಲ್ಮೆಟ್ಟಿನ ಪಟ್ಟಿಯನ್ನು ಗಲ್ಲದ ಕೆಳಗೆ ಬಿಗಿದುಕೊಂಡು ಗಾಡಿ ಹತ್ತಿದಳು. ಹತ್ತಿದ್ದೇ ತಡ, ಹುಟ್ಟುತ್ತಲೇ ಕಲಿತವಳ ಹಾಗೆ ಅಂಗಡಿಯ ಅಂಗಳದಲ್ಲಿ ಎರಡು ಸುತ್ತು ಹಾಕಿದಳು. ನನಗೆ ಹೆಮ್ಮೆಯೂ ಆಯಿತು, ಸಿಟ್ಟೂ ಬಂತು. ನನಗೆ ಇದನ್ನು ಕಲಿಯಲು ವಾರ ಹಿಡಿದಿತ್ತು.

ಹೊರಟೆವು. ಸುಂಕದ ಕಟ್ಟೆ, ದೀಪಸ್ತಂಭ, ಮೀನು ಹರಾಜಿನ ಶೆಡ್ಡು. ಬಾಗಿಲು ಮುಚ್ಚಿದ ಐಸ್ ಫ್ಯಾಕ್ಟರಿಯ ಮುಂದೆ ನಿಲ್ಲಿಸಿ, ರಾತ್ರಿ ಹೊತ್ತು ಒಳಗಿನಿಂದ ಯಾರೋ ಮಂಜುಗಡ್ಡೆ ಒಡೆಯುವ ಸದ್ದು ಕೇಳುತ್ತದೆ ಎಂಬ ನನ್ನ ಮಾಮೂಲಿ ಕಥೆ ಬಿಟ್ಟೆ. ಡಾಕ್ಟರ ಹೆಂಡತಿ ಗಂಡನ ತೋಳು ಹಿಡಿದಳು. ಶುದ್ಧ ಸುಳ್ಳು ಅದು, ನಾನೇ ಕಟ್ಟಿದ್ದು. ಅಮ್ಮ ಹಿಂದಿನಿಂದ, "ಚಿಕ್ಕಂದಿನಿಂದಲೂ ಇವಳು ಹೀಗೇ ರೈಲು ಬಿಡ್ತಾಳೆ" ಎಂದು ಸ್ಟೇಷನ್ ಮಾಸ್ಟರಿಗೆ ಹೇಳುವುದು ಕೇಳಿಸಿತು.

ತಿರುವಿನಲ್ಲಿ "ಹಿಂದೆ?" ಎಂದೆ.

"ಇದೀನಿ." ಡಾಕ್ಟರು. "ಇದೀನಿ." ಅವರ ಹೆಂಡತಿ. "ಹಾಜರ್!" ಸ್ಟೇಷನ್ ಮಾಸ್ಟರು. ಆಮೇಲೆ ಅಮ್ಮ: "ಇದೀನಿ, ಇನ್ನೂ ಸತ್ತಿಲ್ಲ."

ಮುಂದಿನ ತಿರುವಿನಲ್ಲಿ: "ಇದೀನಿ, ಎಲ್ಲಿಗೆ ಹೋಗ್ಲಿ? ಕಟ್ಟಿ ಹಾಕಿದೀಯಲ್ಲ." ಅದರ ಮುಂದಿನದರಲ್ಲಿ: "ಎಷ್ಟು ಸಲ ಕೇಳ್ತೀಯೇ? ಕಿವಿ ಕೆಪ್ಪಾ?"

ಎಲ್ಲರೂ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಿರಾಕಿಗಳ ಮುಂದೆಯಾದರೂ ಒಂದು ಒಳ್ಳೆಯ ಮಾತು ಆಡಬಾರದೇ ಎನಿಸಿತು.

ಸಮುದ್ರದ ತಡೆಗೋಡೆಯ ದಾರಿಗೆ ಇಳಿಯುವಾಗ ಸೂರ್ಯ ಮುಳುಗಿ ಬೆಳಕು ಮಾತ್ರ ಉಳಿದಿತ್ತು. ನೀರಿನ ಮೇಲಿನಿಂದ ಮಂಜು ಬರುತ್ತಿತ್ತು. ಹಾಗೆ ಬರುವುದು ಅಲ್ಲಿ ಹೊಸದೇನಲ್ಲ. ಆದರೆ ಆ ದಿನ ಅದು ಗೋಡೆ ಹತ್ತಿ ದಾರಿಯ ಮೇಲೆ ಮೊಣಕಾಲಿನ ಮಟ್ಟಕ್ಕೆ ನಿಂತುಬಿಟ್ಟಿತು, ಚಕ್ರಗಳೇ ಕಾಣಲಿಲ್ಲ. ಎಡಗಡೆ ಹಳೆಯ ದೋಣಿ ಮೆಟ್ಟಿಲು. ಗೋಡೆಯ ನಡುವಿನಿಂದ ಸೀದಾ ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲು, ಕೆಳಗಿನವು ಸದಾ ಮುಳುಗಿರುತ್ತವೆ. ಅದರ ಬಗ್ಗೆ ನನ್ನ ಹತ್ತಿರ ಕಥೆಯೇ ಇರಲಿಲ್ಲ. ಯಾರೂ ಕೇಳಿರಲಿಲ್ಲ, ನಾನೂ ಕಟ್ಟಿರಲಿಲ್ಲ.

ಮೆಟ್ಟಿಲು ದಾಟಿದ ಮೇಲಿನ ತಿರುವಿನಲ್ಲಿ ಕೂಗಿದೆ. ಮೂವರ ದನಿ ಬಂತು. ಆಮೇಲೆ ಸ್ವಲ್ಪ ತಡವಾಗಿ:

"ಇದೀನಿ, ಮಗಳೇ."

ಅಮ್ಮ ನನ್ನನ್ನು ಕತ್ತೆ ಎಂದಿದ್ದಾಳೆ, ಮೂದೇವಿ ಎಂದಿದ್ದಾಳೆ, ಸಿಟ್ಟು ಇಳಿದಿದ್ದರೆ ಬರೀ "ಏನೇ" ಎಂದಿದ್ದಾಳೆ. ಮಗಳೇ ಎಂದದ್ದು ನನ್ನ ನೆನಪಿನಲ್ಲಿ ಇಲ್ಲ. ಕೆಲಸ ನೋಡಿ ಮನಸ್ಸು ಕರಗಿತೇನೋ ಅಂದುಕೊಂಡೆ. ಕಣ್ಣು ತುಂಬಿತು. ಒರೆಸಿಕೊಳ್ಳಲು ಹಿಡಿ ಬಿಡುವಂತಿರಲಿಲ್ಲ.

ಮತ್ತೆ ಕೂಗಬೇಕಾದ ಜಾಗ ಅದಲ್ಲ, ಆದರೂ ಕೂಗಿದೆ. ಕೇಳುವ ಆಸೆ.

"ಇದೀನಿ, ಮಗಳೇ. ನಿಧಾನ, ಹುಷಾರು."

ಎಷ್ಟು ಮೆತ್ತಗಿತ್ತು ಆ ದನಿ! ಅಮ್ಮನದೇ, ಆದರೆ ಜ್ವರ ಬಂದ ಮಗುವಿನ ಪಕ್ಕ ಕೂತಾಗ ಬರುವ ದನಿ. ನಾನು ಹಾರಿಕೊಂಡು ಹೋಗುತ್ತಿದ್ದೆ. ನಾಳೆ ರೈಲು ಹತ್ತಿಸುವಾಗ ಅವಳನ್ನು ತಬ್ಬಿಕೊಳ್ಳಬೇಕು ಎಂದುಕೊಂಡೆ. ಗೋಡೆ ಬಾಗುವಲ್ಲಿ ಇನ್ನೊಮ್ಮೆ "ಹಿಂದೆ?" ಎಂದೆ.

"ಇದೀನಿ, ಮಗಳೇ. ಎಷ್ಟು ಚೆನ್ನಾಗಿ ಓಡಿಸ್ತೀಯ ನೀನು."

ನನ್ನಮ್ಮ ಸತ್ತರೂ ಈ ಮಾತು ಆಡುವವಳಲ್ಲ. ಆಡಿದರೂ ಬಾಲಕ್ಕೆ ಒಂದು ಮುಳ್ಳು ಸೇರಿಸದೆ ಬಿಡುವವಳಲ್ಲ. ಅಷ್ಟು ದೂರ ಗಾಡಿಯ ಮೇಲೆ ನಿಂತು ಬಂದವಳ ದನಿಯಲ್ಲಿ ಒಂದಿಷ್ಟು ಏದುಸಿರು ಬೇಡವೇ?

ಹಿಮ್ಮಡಿ ಊರಿ ನಿಂತೆ. ಇಳಿದೆ. ತಿರುಗಿದೆ.

ಡಾಕ್ಟರು, ಅವರ ಹೆಂಡತಿ, ಸ್ಟೇಷನ್ ಮಾಸ್ಟರು. ಅವರ ಹಿಂದೆ ಮಂಜಿನಿಂದ ಅಮ್ಮನ ಗಾಡಿ ಬಂತು. ನಾನು ಕಲಿಸಿದಷ್ಟೇ ಅಂತರ ಬಿಟ್ಟು ಮೆಲ್ಲಗೆ ನಿಂತಿತು. ಅದರ ಮೇಲೆ ಯಾರೂ ಇರಲಿಲ್ಲ.

ಆಳಿಲ್ಲದ ಗಾಡಿ ಹಾಗೆ ಬರುವುದಿಲ್ಲ. ಇಳಿದ ಕೂಡಲೇ ಅಡ್ಡಬೀಳಬೇಕು. ಇದು ಯಾರೋ ನಿಂತಿರುವಂತೆ ಸಣ್ಣಗೆ ಹಿಂದೆ ಮುಂದೆ ತೂಗುತ್ತಿತ್ತು. ಹಲಗೆಯ ಮೇಲೆ ನೀರು ನಿಂತಿತ್ತು.

"ಅಮ್ಮ ಎಲ್ಲಿ?" ಎಂದು ಸ್ಟೇಷನ್ ಮಾಸ್ಟರನ್ನು ಕೇಳಿದೆ.

"ನನ್ನ ಹಿಂದೇನೇ ಇದ್ರಲ್ಲಮ್ಮ. ಈಗ ತಾನೆ ಮಾತಾಡಿದ್ರು." ಅವರೂ ತಿರುಗಿ ನೋಡಿದರು. ಮುಖ ಬಿಳಿಚಿಕೊಂಡಿತು. "ಹಿಂದೆ ತಿರುಗಬೇಡಿ ಅಂತ ನೀವೇ ಹೇಳಿದ್ರಿ."

ಹೌದು, ನಾನೇ ಹೇಳಿದ್ದೆ. ಮೂವರನ್ನೂ ಇಳಿಸಿ, ಗೋಡೆ ಹಿಡಿದುಕೊಂಡು ಅಲ್ಲೇ ನಿಲ್ಲಿ, ಯಾರು ಕರೆದರೂ ಕದಲಬೇಡಿ ಎಂದು ಹೇಳಿ, ಬಂದ ದಾರಿಗೆ ಗಾಡಿ ತಿರುಗಿಸಿದೆ. ಅಷ್ಟು ಜೋರಾಗಿ ನಾನು ಎಂದೂ ಓಡಿಸಿಲ್ಲ. ಅಮ್ಮನಿಗೆ ಈಜು ಬರುವುದಿಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ದೋಣಿ ಮೆಟ್ಟಿಲ ಹತ್ತಿರ ಅವಳ ದನಿ ಕೇಳಿತು. ನಿಜವಾದ ದನಿ, ಏದುಸಿರು ಬಿಡುತ್ತ.

"ಬಂದೆ, ಬಂದೆ. ಸ್ವಲ್ಪ ತಾಳು. ಜಾರ್ತಿದೆ ಇಲ್ಲಿ."

ಕೆಳಗೆ ಮಂಜಿನಲ್ಲಿ ಹೆಲ್ಮೆಟ್ಟಿನ ಕೆಂಪು ದೀಪ ಕಂಡಿತು. ಅಮ್ಮ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದಳು. ಸೀರೆಯ ಸೆರಗು ಹಿಂದೆ ತೇಲುತ್ತಿತ್ತು. ಒಂದು ಕೈ ಮುಂದಕ್ಕೆ ಚಾಚಿದ್ದಳು, ಯಾರಿಗೋ ಕೊಡುವಂತೆ.

"ಅಮ್ಮಾ!" ಎಂದು ಕಿರುಚಿದೆ.

ಅವಳು ತಿರುಗಲಿಲ್ಲ. ಅವಳಿಗಿಂತ ಆಚೆ, ಬರೀ ನೀರಿರುವ ಕಡೆಯಿಂದ, ನನ್ನದೇ ದನಿ ಬಂತು.

"ಬಾಮ್ಮ. ಇಲ್ಲೇ ಇದೀನಿ. ಕೈ ಕೊಡು."

ನನ್ನ ದನಿಯನ್ನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಅದರಲ್ಲಿ ಎಷ್ಟು ಅಕ್ಕರೆ ಇತ್ತೆಂದರೆ, ನಾನೂ ಹೋಗಿಬಿಡುತ್ತಿದ್ದೆ.

"ಅಮ್ಮಾ, ಅದು ನಾನಲ್ಲ! ಮೇಲೆ ನೋಡು!"

ಅಮ್ಮ ಒಂದು ಮೆಟ್ಟಿಲು ಇಳಿದಳು. ನೀರು ಎದೆಗೆ ಬಂತು. ನನಗೆ ಹೆದರಿಕೆಗಿಂತ ಜೋರಾಗಿ ಸಿಟ್ಟು ಬಂತು, ನನ್ನ ಹಳೆಯ ಸಿಟ್ಟು.

"ಬುದ್ಧಿ ಇದೆಯಾ ನಿಂಗೆ? ಯಾವಾಗ್ಲಾದ್ರೂ ನನ್ನ ಮಾತು ಕೇಳಿದೀಯಾ ನೀನು? ಈ ವಯಸ್ಸಲ್ಲಿ ನೀರಿಗೆ ಇಳೀತಾರಾ? ಹತ್ತು ಮೇಲೆ!"

ಅಮ್ಮ ಗಕ್ಕನೆ ನಿಂತಳು. ಕೆಂಪು ದೀಪ ನಿಧಾನವಾಗಿ ಹೊರಳಿತು. "ಓ," ಎಂದಳು, "ನೀನು ಅಲ್ಲಿದೀಯಾ?"

ಬದುಕಿದೆ ಎಂದುಕೊಂಡೆ. ಅಷ್ಟರಲ್ಲಿ ಕೆಳಗಿನಿಂದ ಅದೇ ಮೊನಚಿನಲ್ಲಿ, ಅದೇ ಉರಿಯಲ್ಲಿ, ನನ್ನ ದನಿ ಸಿಡಿಯಿತು.

"ಬುದ್ಧಿ ಇದೆಯಾ ನಿಂಗೆ? ನಾನಿಲ್ಲಿ ಕೂಗ್ತಿದ್ರೆ ಅಲ್ಲೇನು ನೋಡ್ತೀಯ? ಬಾ ಅಂದ್ರೆ ಬರ್ಬೇಕು!"

ಅಮ್ಮ ಇಬ್ಬರು ಮಗಳಂದಿರ ನಡುವೆ ನಿಂತಳು. ಅವಳ ತಲೆ ಆ ಕಡೆ ಈ ಕಡೆ ಹೊರಳಿತು, ದೀಪವೂ ಜೊತೆಗೆ ಹೊರಳಿತು. ನಾನು ಇನ್ನೇನು ಹೇಳಿದರೂ ಅದೂ ಹೇಳುತ್ತದೆ ಎಂದು ಗೊತ್ತಾಯಿತು. ಬಾಯಿ ಮುಚ್ಚಿದೆ. ಶೂ ಹಾಕಿಕೊಂಡೇ ಮೆಟ್ಟಿಲು ಇಳಿದೆ. ಪಾಚಿಗೆ ಎರಡು ಸಲ ಜಾರಿದೆ, ಮೊಣಕೈ ತರಚಿಹೋಯಿತು. ನೀರು ಕೊರೆಯುತ್ತಿತ್ತು. ಪಕ್ಕದಲ್ಲಿ ಆ ದನಿ ಬೈಯುತ್ತಲೇ ಇತ್ತು, ಈಗ ತೀರ ಕಿವಿಯ ಬಳಿ. ನಾನು ಅಮ್ಮನ ಮುಂಗೈ ಹಿಡಿದೆ.

ಅವಳು ನನ್ನ ಕೈಯನ್ನು ನೋಡಿದಳು. ಇನ್ನೊಂದು ಕೈಯಿಂದ ಅದನ್ನು ಮುಟ್ಟಿ, ಬೆರಳುಗಳನ್ನು ಸವರಿದಳು.

"ಬೆಚ್ಚಗಿದೆ," ಎಂದಳು. "ಅಲ್ಲಿ ಕೈಯೇ ಸಿಗ್ತಿರಲಿಲ್ಲ."

ಇಬ್ಬರೂ ಮೇಲೆ ಹತ್ತಿದೆವು. ಗೋಡೆಗೆ ಒರಗಿ ಕೂತೆವು. ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ನನ್ನ ಜಾಕೆಟ್ಟು ಬಿಚ್ಚಿ ಅವಳಿಗೆ ಹೊದಿಸಿದೆ.

ಆಗ ಕೆಳಗೆ ಮಾತು ಶುರುವಾಯಿತು. ನಮ್ಮನ್ನು ಕರೆಯುವ ಮಾತಲ್ಲ. ಅವರವರೇ ಆಡಿಕೊಳ್ಳುವ ಮಾತು.

"ಊಟ ಆಯ್ತಾ, ಮಗಳೇ?" ಅಮ್ಮನ ದನಿ.

"ಆಯ್ತಮ್ಮ. ನಿಂದು? ಮೊಣಕಾಲು ನೋವು ಹೇಗಿದೆ?" ನನ್ನ ದನಿ.

"ಪರವಾಗಿಲ್ಲ. ನೀನು ಹತ್ತಿರ ಇದ್ದರೆ ನೋವೇ ಗೊತ್ತಾಗಲ್ಲ."

ಸಣ್ಣಗೆ ನಗು ಕೇಳಿತು, ಇಬ್ಬರದೂ. ಓಡಿಹೋಗಬೇಕಿತ್ತು ನಾವು. ಆದರೆ ಕೂತು ಕೇಳಿದೆವು. ಹೆದರಿಕೆಯಂತೂ ಇತ್ತು. ಆ ನೀರಿನಲ್ಲಿರುವ ಅಮ್ಮ ಮಗಳ ಮೇಲೆ ನನಗೆ ಹೊಟ್ಟೆಕಿಚ್ಚೂ ಆಯಿತು.

"ಎಷ್ಟು ಚೆನ್ನಾಗಿ ಮಾತಾಡ್ಕೋತಾರೆ ನೋಡು," ಎಂದಳು ಅಮ್ಮ, ಪಿಸುದನಿಯಲ್ಲಿ.

ಕೆಳಗೆ ಅಮ್ಮನ ದನಿ ಮತ್ತೆ ಕೇಳಿತು. ನಾನು ಮನೆ ಬಿಟ್ಟ ದಿನದಿಂದ ಯಾರೂ ನನ್ನನ್ನು ಕೇಳದ ಮಾತು.

"ನೀನು ಇಲ್ಲಿ ಸುಖವಾಗಿದೀಯಾ, ಮಗಳೇ?"

ನೀರು ಒಂದು ಸಲ ಮೆಟ್ಟಿಲಿಗೆ ಬಡಿಯಿತು. ನನ್ನ ದನಿ ಉತ್ತರ ಕೊಡಲು ಉಸಿರೆಳೆದುಕೊಳ್ಳುವುದು ಸ್ಪಷ್ಟವಾಗಿ ಕೇಳಿಸಿತು. ಇದೊಂದಕ್ಕೆ ನನ್ನ ಪರವಾಗಿ ಬೇರೆ ಯಾರೂ ಉತ್ತರ ಕೊಡಬಾರದು ಎನಿಸಿತು.

"ಸುಖವಾಗಿದೀನಿ, ಅಮ್ಮ," ಎಂದೆ. ಜೋರಾಗಿಯೇ ಹೇಳಿದೆ, ಪಕ್ಕದಲ್ಲಿ ಕೂತವಳ ಮುಖ ನೋಡಿ. "ಒಂಟಿತನ ಇದೆ. ಆದ್ರೂ ಸುಖವಾಗಿದೀನಿ. ವಾಪಸ್ ಬರಲ್ಲ."

ಅಮ್ಮ ಒದ್ದೆ ಸೆರಗಿನಿಂದ ನನ್ನ ಮೊಣಕೈಯ ರಕ್ತ ಒರೆಸಿದಳು, ನೋಯುವಂತೆಯೇ.

"ಹಾಗಂತ ಮೊದಲೇ ಬೊಗಳೋದಕ್ಕೆ ನಿಂಗೇನಾಗಿತ್ತು, ಕತ್ತೆ?" ಎಂದಳು. ಅವಳು ಅಳುತ್ತಿದ್ದಳು.

ಕೆಳಗೆ ಮಾತು ನಿಂತುಹೋಗಿತ್ತು. ಆದರೆ ಅವರು ಹೋಗಿರಲಿಲ್ಲ. ಮೆಟ್ಟಿಲ ಬುಡದಲ್ಲಿ ಇಬ್ಬರೂ ಉಸಿರು ಬಿಗಿಹಿಡಿದು ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದರು.