ತಲೆಕೆಳಗಾದ ಮೊಲ

ಟಿಕ್. ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಟಿಕ್.

ಅವಳಿಗೆ ಎಚ್ಚರವಾಗಲು ಅಷ್ಟು ಸಾಕು. ಎಲೆ ಬಿದ್ದರೂ ಎದ್ದು ಕೂರುವ ಜೀವ. ಗ್ಯಾಸ್ ಆರಿಸಿದ್ದೆನೇ, ಚಿಲಕ ಹಾಕಿದ್ದೆನೇ ಎಂದು ಮನಸ್ಸಿನಲ್ಲೇ ಮನೆಯನ್ನೊಂದು ಸುತ್ತು ಹಾಕಿಬಂದಳು. ಸದ್ದು ಬರುತ್ತಿದ್ದದ್ದು ಚಿಕ್ಕಪ್ಪನ ಕೋಣೆಯಿಂದ. ಕಂಪ್ಯೂಟರಿನ ಮೌಸ್. ಗಂಟೆ ಎರಡೂವರೆ.

"ಚಿಕ್ಕಪ್ಪ, ಇನ್ನೂ ಮಲಗಿಲ್ವಾ?"

"ಮಲಗ್ತೀನಮ್ಮ. ನೀನು ಹೋಗು."

ಬಾಗಿಲ ಸಂದಿಯ ಬೆಳಕು ತಕ್ಷಣ ಆರಿತು. ಅಷ್ಟು ಬೇಗ ಮಾತು ಕೇಳುವ ಮನುಷ್ಯ ಅವರಲ್ಲ. ಅದೇ ಅವಳ ನಿದ್ದೆ ಕೆಡಿಸಿತು.

ಅಪ್ಪ ಅಮ್ಮ ಇಬ್ಬರೂ ಹೋದಾಗ ಅವಳಿಗೆ ಆರು ವರ್ಷ. ಸಾಕಿದವರು ಚಿಕ್ಕಪ್ಪ. ಮದುವೆಯ ಮಾತೆತ್ತಿದವರನ್ನು "ನನ್ನ ಕ್ಯಾಮೆರಾಗೆ ಸವತಿ ತರಬೇಡಿ" ಎಂದು ನಗಿಸಿ ಸಾಗಹಾಕುತ್ತಿದ್ದರು. ಈಗ ಇಬ್ಬರಿಗೂ ಕ್ಯಾಲೆಂಡರ್ ಅಚ್ಚುಹಾಕುವ ಒಂದೇ ಪ್ರೆಸ್ಸಿನಲ್ಲಿ ಕೆಲಸ. ಅವರು ಫೋಟೋ ತೆಗೆಯುತ್ತಾರೆ, ಅವಳು ಪ್ರೂಫ್ ನೋಡಿ ತಪ್ಪು ತಿದ್ದುತ್ತಾಳೆ. ಅಲ್ಲಿಯವರು ಅವಳಿಗಿಟ್ಟ ಹೆಸರು ತಪ್ಪಮ್ಮ. ಮಾಲೀಕರಿಗೂ ಒಂದು ಹೆಸರಿತ್ತು, ಬೆನ್ನ ಹಿಂದೆ ಮಾತ್ರ: ಅರ್ಜೆಂಟಪ್ಪ.

ಹೋದ ವರ್ಷದ ಹುಣ್ಣಿಮೆಯ ಚಿತ್ರವನ್ನು ಅರ್ಜೆಂಟಪ್ಪ ಇನ್ನೂ ಮರೆತಿರಲಿಲ್ಲ. "ಏನ್ರೀ ಅದು, ಚಂದ್ರನಾ, ಮಾತ್ರೆನಾ? ನುಂಗಿ ನೀರು ಕುಡೀಬೇಕಾ? ಹುಟ್ಟೋವಾಗ ತಟ್ಟೆ ಅಗಲ ಇರುತ್ತಲ್ರೀ!"

"ಇರಲ್ಲ ಸಾರ್, ಹಾಗೆ ಕಾಣುತ್ತೆ," ಎಂದಿದ್ದರು ಚಿಕ್ಕಪ್ಪ. "ಮನೆ, ಮರದ ಸಾಲಿನ ಆಚೆ ಕಂಡಾಗ ಮನಸ್ಸು ಅದನ್ನ ಹಿಗ್ಗಿಸಿಬಿಡುತ್ತೆ. ಯಾಕೆ ಅಂತ ಓದಿದವರೇ ಇನ್ನೂ ಜಗಳ ಆಡ್ತಿದಾರೆ. ಕಾಗದ ಸುರುಳಿ ಸುತ್ತಿ ಅದರೊಳಗಿಂದ ನೋಡಿ, ಪುಸ್ ಅಂತ ಇಳಿದುಹೋಗುತ್ತೆ. ಕ್ಯಾಮೆರಾಗೆ ಮನಸ್ಸಿಲ್ಲ ನೋಡಿ, ಇದ್ದಷ್ಟೇ ಹಿಡಿಯುತ್ತೆ."

"ನನಗೆ ಇಳಿಯೋದು ಬೇಡ, ಏರೋದು ಬೇಕು."

"ಹಾಗಾದರೆ ದೂರ ಹೋಗಬೇಕು. ಗುಡ್ಡದ ಮೇಲಿಂದ ಉದ್ದನೆ ಲೆನ್ಸಲ್ಲಿ ಹಿಡಿದರೆ ಗಡಿಯಾರದ ಗೋಪುರ ಬೆರಳಷ್ಟಾಗುತ್ತೆ, ಚಂದ್ರ ಚಂದ್ರನಷ್ಟೇ ಇರ್ತಾನೆ. ಪಕ್ಕದಲ್ಲಿ ಭೂತದ ಹಾಗೆ ಕಾಣ್ತಾನೆ."

"ಏನೋ ಮಾಡಿ. ಈ ಸಲವೂ ಮಾತ್ರೆ ತಂದ್ರೆ, ನನ್ನ ತಂಗಿ ಮಗ ಕ್ಯಾಮೆರಾ ತಗೊಂಡು ಕೂತಿದಾನೆ. ಆಮೇಲೆ ನೀವು ಆರಾಮಾಗಿ ಮನೇಲಿರಬಹುದು."

ಮನೆಯಲ್ಲಿ ಆರಾಮಾಗಿರುವುದೆಂದರೆ ಚಿಕ್ಕಪ್ಪನಿಗೆ ಏನೆಂದು ಅವಳಿಗೆ ಗೊತ್ತಿತ್ತು. ಜ್ವರ ಬಂದ ಮೂರು ದಿನವೂ ಕ್ಯಾಮೆರಾವನ್ನು ಮಗುವಿನಂತೆ ಪಕ್ಕದಲ್ಲಿ ಮಲಗಿಸಿಕೊಂಡಿದ್ದವರು ಅವರು.

ಹುಣ್ಣಿಮೆಯ ಸಂಜೆ ಅವರು ಗುಡ್ಡಕ್ಕೆ ಹೋದರು. ಬಂದವರೇ "ಮೋಡ ಕವಿದುಬಿಡ್ತು" ಎಂದು ಚಪ್ಪಲಿ ಬಿಟ್ಟರು. ಅವಳು ಬಸ್ಸಿನ ಕಿಟಕಿಯಿಂದ ಒಂದು ಚೂರೂ ಮೋಡವಿಲ್ಲದ ಆಕಾಶ ನೋಡುತ್ತಲೇ ಬಂದಿದ್ದಳು. ತಟ್ಟೆಗೆ ಅನ್ನ ಬಡಿಸಿದಳು. ಅವರು ಎಂದಿನಂತೆ ಅವಳ ಕಿವಿಯ ಆಚೆಗೆ ನೋಡುತ್ತ ಊಟ ಮಾಡಿದರು. ಇತ್ತೀಚೆಗೆ ಅದೊಂದು ಅಭ್ಯಾಸವಾಗಿತ್ತು. ಅವಳು ಸರಿದು ಅವರ ನೋಟದ ನೇರಕ್ಕೆ ಕೂತರೆ, ಅವರು ಮತ್ತೆ ಮುಖ ಹೊರಳಿಸುತ್ತಿದ್ದರು.

ಆ ಟಿಕ್ ಟಿಕ್ ಕೇಳಿಸಿದ್ದು ಅದಾದ ಮೂರನೆಯ ರಾತ್ರಿ. ಮರುದಿನ ಮಧ್ಯಾಹ್ನ ಪ್ರೂಫ್ ಮೇಜಿಗೆ ಬಂತು.

ಗೋಪುರದ ಪಕ್ಕದಲ್ಲಿ ಕಿತ್ತಳೆ ಬಣ್ಣದ ಚಂದ್ರ, ಬೇಕಾದಷ್ಟು ದೊಡ್ಡದು. ಕೆಳಗೆ 'ಚಂದ್ರೋದಯ' ಎಂಬ ಅಡಿಬರಹ. ಅರ್ಜೆಂಟಪ್ಪ ಮೇಜು ತಟ್ಟಿದರು. "ಇದು ಚಂದ್ರ! ಸೈನ್ ಹಾಕಿ ಕೊಡಮ್ಮ, ಅರ್ಜೆಂಟು."

ಅವಳ ಕಣ್ಣು ಮೊಲದ ಮೇಲೆ ನಿಂತುಬಿಟ್ಟಿತ್ತು.

ಚಂದ್ರನೊಳಗಿನ ಮೊಲವನ್ನು ತೋರಿಸಿಕೊಟ್ಟವರೇ ಚಿಕ್ಕಪ್ಪ. ತಾರಸಿಯ ಮೇಲೆ ಹೆಗಲೇರಿಸಿಕೊಂಡು ಹೇಳುತ್ತಿದ್ದರು: "ಹುಟ್ಟೋವಾಗ ಕಿವಿ ಮೇಲೆ ಮಾಡ್ಕೊಂಡು ಹತ್ತುತ್ತೆ, ಮುಳುಗೋವಾಗ ಕಿವಿ ಕೆಳಗೆ ಮಾಡ್ಕೊಂಡು ಧುಮುಕುತ್ತೆ. ಮೊಲ ನೋಡಿದ್ರೆ ಸಾಕು, ಸಂಜೆಯೋ ಬೆಳಗಿನ ಜಾವವೋ ಹೇಳಿಬಿಡಬಹುದು." ಈ ಚಂದ್ರೋದಯದ ಮೊಲ ತಲೆಕೆಳಗಾಗಿ ಧುಮುಕುತ್ತಿತ್ತು. ಎಂದೋ ತೆಗೆದಿಟ್ಟಿದ್ದ, ಮುಳುಗುವ ಚಂದ್ರನನ್ನು ಹಿಗ್ಗಿಸಿ ಗೋಪುರದ ಪಕ್ಕಕ್ಕೆ ಅಂಟಿಸಿದ್ದರು.

ಅಂಟಿಸಿದ್ದರು! ಮದುವೆಯ ಫೋಟೋದಲ್ಲಿ ಕಣ್ಣು ಮುಚ್ಚಿದ್ದ ಹುಡುಗಿಗೆ ಬೇರೊಂದು ಫೋಟೋದ ಕಣ್ಣು ಹಚ್ಚು ಎಂದಿದ್ದಕ್ಕೆ, "ಅಂಟಿಸೋಕೆ ಗೋಂದು ಸಾಕು, ನಾನ್ಯಾಕೆ?" ಎಂದು ಒಳ್ಳೆಯ ಸ್ಟುಡಿಯೋ ಕೆಲಸವನ್ನೇ ಬಿಟ್ಟು ಬಂದವರು. ಅವಳ ಮುಖ ಬಿಸಿಯಾಯಿತು. ಆದರೆ ತಪ್ಪು ಹುಡುಕುವ ಬುದ್ಧಿ ಅಷ್ಟಕ್ಕೇ ನಿಲ್ಲಲಿಲ್ಲ. ಮೋಸವನ್ನೇ ಮಾಡುವವರು ಸರಿಯಾಗಿ ಮಾಡಬಾರದಿತ್ತೇ? ಚಂದ್ರನನ್ನು ತಿರುಗಿಸುವುದು ಒಂದು ಟಿಕ್ಕಿನ ಕೆಲಸ. ಚಿಕ್ಕಪ್ಪ ಯಾಕೆ ತಿರುಗಿಸಲಿಲ್ಲ?

"ನಾಳೆ ಬೆಳಿಗ್ಗೆ ಕೊಡ್ತೀನಿ," ಎಂದು ಪ್ರೂಫನ್ನು ಚೀಲಕ್ಕೆ ಹಾಕಿಕೊಂಡಳು.

ಅವಳು ಮನೆ ಸೇರಿದಾಗ ಚಿಕ್ಕಪ್ಪ ಇನ್ನೂ ಬಂದಿರಲಿಲ್ಲ. ಆ ಹಳೆಯ ಚಂದ್ರನ ಫೋಟೋ ಹುಡುಕಲು ಅವರ ಬೀರು ತೆಗೆದಳು. ಬಾಗಿಲ ಒಳಬದಿಯಲ್ಲಿ ಅಂಗೈಯಗಲದ ಕಾರ್ಡೊಂದನ್ನು ಸಿಕ್ಕಿಸಿದ್ದರು: ತುಂಬ ಸಣ್ಣ ಸಣ್ಣ ಚೌಕ, ನಡುವೆ ಒಂದು ಕಪ್ಪು ಚುಕ್ಕೆ. ಚಿತ್ರದ ಚೌಕಟ್ಟು ಅಳೆಯಲು ಇಟ್ಟುಕೊಂಡಿದ್ದಾರೆ ಎಂದುಕೊಂಡು ತಿಂಗಳುಗಟ್ಟಲೆ ಅದರ ಧೂಳು ಒರೆಸಿದ್ದಳು. ಇವತ್ತು ತೆಗೆದು ಹಿಂದೆ ತಿರುಗಿಸಿದಳು. ಕಣ್ಣಾಸ್ಪತ್ರೆಯ ಮೊಹರು. 'ಒಂದು ಕಣ್ಣು ಮುಚ್ಚಿ ಚುಕ್ಕೆಯನ್ನೇ ನೋಡಿ. ಗೆರೆ ಅಳಿಸಿದಂತೆ ಕಂಡ ಜಾಗವನ್ನು ಗುರುತು ಮಾಡಿ.' ಮುಂದಿನ ಬದಿಯಲ್ಲಿ, ಚುಕ್ಕೆಯ ಸುತ್ತ, ಪೆನ್ಸಿಲಿನ ತೆಳು ಉಂಗುರಗಳು, ಒಂದೊಂದಕ್ಕೂ ತಾರೀಖು. ಮೊದಲನೆಯದು ಮೆಣಸಿನ ಕಾಳಿನಷ್ಟು. ಆಮೇಲೆ ಕಡಲೆಯಷ್ಟು. ಹೋದ ತಿಂಗಳಿನದು ರೂಪಾಯಿ ನಾಣ್ಯದಷ್ಟು.

ಕಾರ್ಡಿನ ಹಿಂದೆ ಮಡಚಿಟ್ಟ ಚೀಟಿ. 'ಎರಡೂ ಕಣ್ಣು. ಹೋದ ದೃಷ್ಟಿ ಮರಳುವುದಿಲ್ಲ.'

ಚಿಕ್ಕಪ್ಪನಿಗೆ ಗೋಪುರ ಕಂಡಿದೆ, ಚಂದ್ರನ ಅಂಚು ಕಂಡಿದೆ. ನೇರ ನೋಡಿದಲ್ಲೆಲ್ಲ ಮಬ್ಬು; ಆ ಮಬ್ಬಿನೊಳಗೆ ಮೊಲ ಹೋಗಿಬಿಟ್ಟಿದೆ. ಗುಡ್ಡದಲ್ಲಿ ಕವಿದ ಮೋಡವೂ ಅದೇ. ಅವಳು ಕಾರ್ಡನ್ನು ಇದ್ದ ಹಾಗೇ ಸಿಕ್ಕಿಸಿದಳು, ಒಂದು ಮೂಲೆ ಸೊಟ್ಟಗಿದ್ದದ್ದನ್ನೂ ಸೊಟ್ಟಗೇ.

ರಾತ್ರಿ ತಟ್ಟೆಯ ಮುಂದೆ ಚಿಕ್ಕಪ್ಪ ಅವಳ ಕಿವಿಯ ಆಚೆ ನೋಡುತ್ತ ಕೇಳಿದರು. "ಏನ್ ತಪ್ಪಮ್ಮ, ನನ್ನ ಚಂದ್ರನಲ್ಲಿ ತಪ್ಪೇನೂ ಸಿಗ್ಲಿಲ್ವಾ?"

ಅವಳು ಈ ಸಲ ಸರಿಯಲಿಲ್ಲ. ತಾನು ಅವರಿಗೆ ಕಾಣುವುದು ಈ ಓರೆಯಿಂದಷ್ಟೇ ಎಂದು ಗೊತ್ತಾಗಿ, ಇದ್ದಲ್ಲೇ ಕೂತಳು.

"ಸಿಕ್ತು. ಅಡಿಬರಹದಲ್ಲಿ, ಒಂದೇ ಒಂದು ಪದ."

"ಮೊಲ?" ಅವರ ಕೈ ತುತ್ತಿನ ಮೇಲೆ ನಿಂತಿತು. "ಮೊಲ ಹೇಗೆ ಬಂದಿದೆ?"

"ಕಿವಿ ಮೇಲೆ ಮಾಡ್ಕೊಂಡು ಹತ್ತುತ್ತಾ ಇದೆ."

"ಹ್ಞಾ," ಎಂದರು. ತುತ್ತು ಬಾಯಿಗೆ ಹೋಯಿತು.

ಅವರು ಕೈ ತೊಳೆಯಲು ಎದ್ದಾಗ ಅವಳು ಕೆಂಪು ಪೆನ್ನಿನಿಂದ 'ಚಂದ್ರೋದಯ'ವನ್ನು ಹೊಡೆದುಹಾಕಿ 'ಹುಣ್ಣಿಮೆ' ಎಂದು ಬರೆದಳು. ಮುಳುಗುವ ಚಂದ್ರನೂ ಹುಣ್ಣಿಮೆಯದೇ, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಇನ್ನು ಹನ್ನೆರಡು ತಿಂಗಳಿಗೆ ಇನ್ನೊಂದು ಚಂದ್ರ ಬೇಕಾಗುತ್ತದೆ, ಅಷ್ಟರಲ್ಲಿ ಉಂಗುರ ಎಷ್ಟಾಗಿರುತ್ತದೋ. 'ಸರಿಯಿದೆ' ಎಂದು ಬರೆದು ಸಹಿ ಹಾಕಿದಳು.

ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು. ಇದನ್ನು ಯಾರಿಗೂ ಹೇಳಬಾರದು, ಚಿಕ್ಕಪ್ಪನಿಗಂತೂ ಹೇಳಲೇಬಾರದು ಎಂದು ನಿಶ್ಚಯಿಸಿ ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.